ರಿಪೋರ್ಟ್ ನಾರ್ಮಲ್, ಕೈ ಮಾತ್ರ ಮೇಲೇಳ್ತಿಲ್ಲ

ರಕ್ತ ಪರೀಕ್ಷೆ ನಾರ್ಮಲ್. ಇಸಿಜಿ ನಾರ್ಮಲ್. ತಲೆಯ ಸ್ಕ್ಯಾನಿಂಗ್ ಕೂಡ ನಾರ್ಮಲ್. ಇಷ್ಟೆಲ್ಲ ಆದ ಮೇಲೆ ಮನೆಯವರು ಏನಂತಾರೆ ಹೇಳಿ? "ನಿಂಗೆ ಎಂಥದ್ದೂ ಇಲ್ಲ ಮಾರಾಯ್ತಿ, ಸುಮ್ನೆ ಟೆನ್ಷನ್ ಮಾಡ್ತೀ" ಅಂತಾರೆ. ಅಲ್ಲಿಗೆ ಕೇಸ್ ಕ್ಲೋಸ್. ಆದರೆ ವೀಕ್ಷಕರೇ, ಕಾಯಿಲೆ ಕ್ಲೋಸ್ ಆಗಿರುತ್ತಾ?

ಕಾರ್ಕಳದ ಕಡೆ ಬೀಡಿ ಕಟ್ಟುವ ಒಬ್ಬ ಅಕ್ಕನನ್ನು ಕಲ್ಪಿಸಿಕೊಳ್ಳಿ. ಬೆಳಗ್ಗೆ ಎಲೆ, ಕತ್ತರಿ ಹಿಡಿದು ಕೂತರೆ ಬೆರಳು ಸರಸರ ಓಡುತ್ತೆ. ಮಧ್ಯಾಹ್ನ ದಾಟಿದರೆ ಬೆರಳು ಸೋಲುತ್ತೆ. ಸಂಜೆ ಹೊತ್ತಿಗೆ ಒಂದು ಕಣ್ಣಿನ ರೆಪ್ಪೆ ಜೋತು ಬೀಳುತ್ತೆ, ಎದುರಿಗೆ ಬರೋ ಬಸ್ಸು ಎರಡೆರಡಾಗಿ ಕಾಣುತ್ತೆ. ರಾತ್ರಿ ಊಟಕ್ಕೆ ಕೂತರೆ ಕುಚ್ಚಲಕ್ಕಿ ಅನ್ನ ಜಗಿಯೋಕೂ ದವಡೆ ಸಾಲಲ್ಲ. ಮಲಗಿ ಎದ್ದರೆ? ಬಹುಪಾಲು ಸರಿ! ಆಕೆ ಡಾಕ್ಟರ ಹತ್ತಿರ ಹೋಗುವುದು ಯಾವಾಗ? ಬೆಳಗ್ಗಿನ ಟೋಕನ್ ತಗೊಂಡು. ಡಾಕ್ಟರು ನೋಡುವಾಗ ರೆಪ್ಪೆ ನೆಟ್ಟಗಿರುತ್ತೆ, ಕೈಯಲ್ಲಿ ಶಕ್ತಿ ಇರುತ್ತೆ. ಕಾಯಿಲೆ ಸಂಜೆಯದ್ದು, ಪರೀಕ್ಷೆ ಬೆಳಗ್ಗೆಯದ್ದು. ಎಡವಟ್ಟು ಆಗೋದು ಇಲ್ಲೇ.

ಈ ಲಕ್ಷಣಗಳಿಗೆ ಒಂದು ಹೆಸರಿದೆ: ಮಯಸ್ತೀನಿಯಾ ಗ್ರೇವಿಸ್. ಹೆಸರು ಕೇಳಿ ಗಾಬರಿಯಾಗಬೇಡಿ, ವಿಷಯ ಸರಳ. ನಮ್ಮ ನರ ಸ್ನಾಯುವಿಗೆ "ಅಲ್ಲಾಡು" ಅಂತ ಆಜ್ಞೆ ಕೊಡುವುದು ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕದ ಮೂಲಕ. ಅದನ್ನು ಹಿಡಿದುಕೊಳ್ಳಲು ಸ್ನಾಯುವಿನ ಮೇಲೆ ಪುಟ್ಟ ಪುಟ್ಟ ಬಾಗಿಲುಗಳಿವೆ. ರೋಗಾಣುಗಳ ಜೊತೆ ಹೋರಾಡಬೇಕಾದ ನಮ್ಮದೇ ರೋಗನಿರೋಧಕ ಶಕ್ತಿ ದಾರಿ ತಪ್ಪಿ ಈ ಬಾಗಿಲುಗಳನ್ನೇ ಒಡೆಯುತ್ತೆ. ಕಾವಲುಗಾರನೇ ಮನೆ ಮುರಿದ ಹಾಗೆ. ಇದನ್ನೇ ಆಟೋಇಮ್ಯೂನ್ ಕಾಯಿಲೆ ಅನ್ನೋದು.

ಕರಾವಳಿಯವರಿಗೆ ಇದು ಅರ್ಥವಾಗೋಕೆ ಇನ್ನೊಂದು ದಾರಿ ಇದೆ. ನಾಗರಹಾವು ಕಚ್ಚಿದವರ ರೆಪ್ಪೆ ಮೊದಲು ಜೋತು ಬೀಳುತ್ತೆ, ಆಮೇಲೆ ನುಂಗೋಕಾಗಲ್ಲ, ಕೊನೆಗೆ ಉಸಿರು ಕಟ್ಟುತ್ತೆ. ಹಾವಿನ ವಿಷ ಮುಚ್ಚುವುದು ಇದೇ ಬಾಗಿಲುಗಳನ್ನು! ಅಲ್ಲಿ ವಿಷ ಹೊರಗಿನಿಂದ ಬಂತು, ಇಲ್ಲಿ ಶತ್ರು ಒಳಗೇ ಇದ್ದಾನೆ. ಅಷ್ಟೇ ವ್ಯತ್ಯಾಸ.

1934ರಲ್ಲಿ ಲಂಡನ್ನಿನ ಮೇರಿ ವಾಕರ್ ಎಂಬ ವೈದ್ಯೆಗೆ ಹೊಳೆದದ್ದೂ ಇಂಥದ್ದೇ ಹೋಲಿಕೆ. ಈ ರೋಗಿಗಳ ಸ್ಥಿತಿ ಬಾಣಕ್ಕೆ ಸವರುವ ಕುರಾರೆ ವಿಷ ಏರಿದವರ ಹಾಗಿದೆಯಲ್ಲ ಅಂತ ಯೋಚಿಸಿ, ಆ ವಿಷಕ್ಕೆ ಕೊಡುವ ಮದ್ದನ್ನೇ ಕೊಟ್ಟರು. ಜೋತು ಬಿದ್ದ ರೆಪ್ಪೆ ಮೇಲೆದ್ದಿತು. ಅದೇ ಜಾತಿಯ ಪಿರಿಡೋಸ್ಟಿಗ್ಮಿನ್ ಮಾತ್ರೆಯನ್ನು ಇವತ್ತಿಗೂ ಕೊಡುತ್ತಾರೆ. ಅಮಿತಾಭ್ ಬಚ್ಚನ್ ಗೊತ್ತಲ್ಲ? 1982ರಲ್ಲಿ ಬೆಂಗಳೂರಿನಲ್ಲಿ 'ಕೂಲಿ' ಚಿತ್ರೀಕರಣದಲ್ಲಿ ಗಾಯಗೊಂಡವರು. ಅದರಿಂದ ಚೇತರಿಸಿಕೊಂಡ ಮೇಲೆ, 1984ರಲ್ಲಿ ಅವರಿಗೆ ಪತ್ತೆಯಾದದ್ದು ಇದೇ ಮಯಸ್ತೀನಿಯಾ. ಆಮೇಲೆ ಅವರು ಎಷ್ಟು ಸಿನಿಮಾ ಮಾಡಿದರು ಅಂತ ನಾನು ಹೇಳಬೇಕಾಗಿಲ್ಲ.

ಹಾಗಾದರೆ ಪತ್ತೆ ತಡವಾಗೋದು ಯಾಕೆ? ರೆಪ್ಪೆ ಬಿತ್ತು ಅಂತ ಕಣ್ಣಿನ ಡಾಕ್ಟರ ಹತ್ತಿರ ಹೋಗ್ತೀವಿ. ನುಂಗೋಕಾಗಲ್ಲ ಅಂತ ಗಂಟಲಿನ ಡಾಕ್ಟರ ಹತ್ತಿರ. ಸುಸ್ತು ಅಂತ ಫಿಸಿಷಿಯನ್ ಹತ್ತಿರ. ಒಬ್ಬೊಬ್ಬರ ಮುಂದೆ ಕಥೆಯ ಒಂದೊಂದು ತುಂಡು. ಪೂರ್ತಿ ಕಥೆ ಯಾರಿಗೂ ಗೊತ್ತಿಲ್ಲ. ಇನ್ನು "ನಾರ್ಮಲ್" ಅನ್ನುವ ಮಾತಿಗೆ ಬನ್ನಿ. ನಾರ್ಮಲ್ ಅಂದರೆ, ಆ ಪರೀಕ್ಷೆ ಏನನ್ನು ಹುಡುಕಿತೋ ಅದು ಸಿಗಲಿಲ್ಲ ಅಂತ ಮಾತ್ರ. ಸಕ್ಕರೆ, ಹಿಮೋಗ್ಲೋಬಿನ್ ಪರೀಕ್ಷೆ ಈ ಬಾಗಿಲುಗಳನ್ನು ಹುಡುಕೋದೇ ಇಲ್ಲ. ತಲೆಯ ಸ್ಕ್ಯಾನಿಂಗ್‌ನಲ್ಲೂ ಅವು ಕಾಣಲ್ಲ.

ಹುಡುಕೋಕೆ ಬೇರೆ ದಾರಿಗಳಿವೆ. ಮುಚ್ಚಿದ ರೆಪ್ಪೆಯ ಮೇಲೆ ಎರಡು ನಿಮಿಷ ಐಸ್ ಇಟ್ಟು, ರೆಪ್ಪೆ ಮೇಲೇಳುತ್ತಾ ಅಂತ ಡಾಕ್ಟರು ನೋಡುತ್ತಾರೆ. ನರಕ್ಕೆ ಮತ್ತೆ ಮತ್ತೆ ಸಣ್ಣ ಕರೆಂಟ್ ಕೊಟ್ಟು, ಸ್ನಾಯುವಿನ ಉತ್ತರ ಕುಗ್ಗುತ್ತಾ ಅಂತ ಅಳೆಯುತ್ತಾರೆ. ರಕ್ತದಲ್ಲಿ ಆ ಪ್ರತಿಕಾಯ ಇದೆಯಾ ಅಂತ ಪರೀಕ್ಷೆ ಮಾಡುತ್ತಾರೆ. ನೆನಪಿಡಿ, ಕಾಯಿಲೆ ಕಣ್ಣಿಗೆ ಮಾತ್ರ ಇದ್ದರೆ ಸುಮಾರು ಅರ್ಧದಷ್ಟು ಜನರಲ್ಲಿ ಈ ರಕ್ತ ಪರೀಕ್ಷೆಯೂ ನೆಗೆಟಿವ್ ಬರುತ್ತೆ. ಕಾಯಿಲೆ ಖಚಿತವಾದರೆ ಎದೆಯ ಸಿಟಿ ಸ್ಕ್ಯಾನ್ ಕೂಡ ಬೇಕು. ಯಾಕೆಂದರೆ 100ರಲ್ಲಿ 10ರಿಂದ 15 ಮಂದಿಗೆ ಎದೆಯ ಥೈಮಸ್ ಗ್ರಂಥಿಯಲ್ಲಿ ಗೆಡ್ಡೆ ಇರುತ್ತೆ.

ಸುಸ್ತಾದವರಿಗೆಲ್ಲ ಮಯಸ್ತೀನಿಯಾ ಅಂತ ನಾನು ಹೇಳ್ತಿಲ್ಲ. ಇದು ಅಪರೂಪದ ಕಾಯಿಲೆ. ಆದರೆ ಇಂಥ ಕಾಯಿಲೆಗಳ ಗುರುತು ಸಿಗುವುದು ಅವುಗಳ ಗಡಿಯಾರದಲ್ಲಿ. ಗಂಟೆಗಂಟೆಗೆ ಏರಿಳಿತ ಇದ್ದರೆ ಮಯಸ್ತೀನಿಯಾ ಇರಬಹುದು. ಕಾಲಿನಿಂದ ಶುರುವಾಗಿ ಕೆಲವೇ ದಿನಗಳಲ್ಲಿ ಬಲಹೀನತೆ ಮೇಲೇರಿದರೆ ಅದು ಗಿಲಾನ್ ಬಾರೆ ಸಿಂಡ್ರೋಮ್ ಇರಬಹುದು. 2025ರ ಆರಂಭದಲ್ಲಿ ಪುಣೆಯಲ್ಲಿ ಸುದ್ದಿಯಾಯಿತಲ್ಲ, ಅದೇ. ವಾರ, ತಿಂಗಳುಗಳಲ್ಲಿ ನಿಧಾನಕ್ಕೆ ನೆಲದಿಂದ ಏಳೋದು, ತಲೆ ಬಾಚೋದು ಕಷ್ಟವಾದರೆ ಸ್ನಾಯುಗಳ ಉರಿಯೂತ, ಅಂದರೆ ಮಯೋಸೈಟಿಸ್ ಇದೆಯಾ ಅಂತ ನೋಡಬೇಕು. ಅದಕ್ಕೆ ಸಿಪಿಕೆ ಪರೀಕ್ಷೆ ಇದೆ. ಜೊತೆಗೆ ಕೀಲು ನೋವು, ಕೆನ್ನೆಯ ಮೇಲೆ ಕೆಂಪು ದದ್ದು ಇದ್ದರೆ ಲೂಪಸ್ ಕಡೆಗೂ ನೋಡಬೇಕು. ಅದಕ್ಕೆ ಮಾಡುವ ಎಎನ್‌ಎ ಪರೀಕ್ಷೆ ಆರೋಗ್ಯವಂತರಲ್ಲೂ ಪಾಸಿಟಿವ್ ಬರಬಹುದು. ಹಾಗಾಗಿ ಬರೀ ಆ ಕಾಗದ ನೋಡಿ ಗೂಗಲ್‌ನಲ್ಲಿ ತೀರ್ಪು ಹುಡುಕಬೇಡಿ.

ಸರಿ, ನಾವೇನು ಮಾಡಬೇಕು? ಕೈಯಲ್ಲಿ ಮೊಬೈಲ್ ಇದೆ. ರೆಪ್ಪೆ ಬಿದ್ದಾಗ, ಮಾತು ಮೂಗಿನಲ್ಲಿ ಬಂದಾಗ ಅರ್ಧ ನಿಮಿಷದ ವಿಡಿಯೋ ಮಾಡಿ. ಟೈಮ್ ಅದರಲ್ಲೇ ದಾಖಲಾಗುತ್ತೆ. ಬೆಳಗ್ಗೆ ಹಾಗೂ ಸಂಜೆ ಹೇಗಿತ್ತು ಅಂತ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆದರೆ ಲಕ್ಷಣ ದಿನೇ ದಿನೇ ಹೆಚ್ಚಾಗ್ತಿದ್ದರೆ ಎರಡು ವಾರ ಕಾಯಬೇಡಿ. ಹಳೆಯ ರಿಪೋರ್ಟುಗಳನ್ನೆಲ್ಲ ತಾರೀಕಿನ ಪ್ರಕಾರ ಒಂದೇ ಫೈಲಿನಲ್ಲಿಡಿ. ತಿಂದ ಮಾತ್ರೆಗಳ ಪಟ್ಟಿ ಮಾಡಿ, ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ತಗೊಂಡಿದ್ದರೆ ಅದನ್ನೂ ಮುಚ್ಚಿಡಬೇಡಿ. ಯಾಕೆಂದರೆ ಕೆಲವು ಆ್ಯಂಟಿಬಯೋಟಿಕ್, ಮೆಗ್ನೀಸಿಯಂ ಇಂಜೆಕ್ಷನ್, ಬಿಪಿಯ ಕೆಲವು ಮಾತ್ರೆಗಳು ಮಯಸ್ತೀನಿಯಾವನ್ನು ಕೆರಳಿಸುತ್ತವೆ. ಆಮೇಲೆ ಡಾಕ್ಟರನ್ನು ನೇರವಾಗಿ ಕೇಳಿ: "ಸರ್, ಇದು ನರ, ಸ್ನಾಯುವಿನ ಕಾಯಿಲೆ ಇರಬಹುದಾ? ನ್ಯೂರಾಲಜಿಗೆ ಬರೆದುಕೊಡ್ತೀರಾ?" ಕೇಳಿದರೆ ಅವಮಾನ ಅಲ್ಲ.

ಉಡುಪಿ ಜಿಲ್ಲೆಯವರ ಅದೃಷ್ಟ ನೋಡಿ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಶುರು ಮಾಡಿದ ಕಸ್ತೂರ್ಬಾ ಮೆಡಿಕಲ್ ಕಾಲೇಜು ಮಣಿಪಾಲದಲ್ಲಿದೆ. ಕಾಪುವಿನಿಂದಲೂ ಕಾರ್ಕಳದಿಂದಲೂ ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರಬಹುದು. ಇನ್ನೂ ಗೋಜಲಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಅದು ಬರೀ ಮಾನಸಿಕ ಆಸ್ಪತ್ರೆ ಅಂತ ಹಲವರು ತಿಳಿದಿದ್ದಾರೆ. ಅಲ್ಲ, ನರ ಮತ್ತು ಸ್ನಾಯುಗಳ ಕಾಯಿಲೆಗೂ ಅದು ದೇಶದ ದೊಡ್ಡ ಸಂಸ್ಥೆ.

ದುಡ್ಡು? ಇಮ್ಯೂನೋಗ್ಲೋಬ್ಯುಲಿನ್ ಚಿಕಿತ್ಸೆಗೆ ಬಿಲ್ ಲಕ್ಷಗಳಿಗೆ ಹೋಗುತ್ತೆ. 2018ರಿಂದ ಇರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇದೆ. ಆದರೆ ತುರ್ತು ಸ್ಥಿತಿ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೋ ಕಾರ್ಕಳದ ತಾಲೂಕು ಆಸ್ಪತ್ರೆಗೋ ಹೋಗಿ ಕೇಳಿ. ಯಾವ ಚಿಕಿತ್ಸೆ ಯೋಜನೆಯಲ್ಲಿ ಸಿಗುತ್ತೆ ಅಂತ ಅಡ್ಮಿಟ್ ಆಗೋ ಮೊದಲೇ ಆರೋಗ್ಯಮಿತ್ರರ ಹತ್ತಿರ ವಿಚಾರಿಸಿ.

ಒಂದು ಎಚ್ಚರಿಕೆ. ಎಂಜಲು ನುಂಗೋಕಾಗ್ತಿಲ್ಲ, ನೀರು ಮೂಗಿಗೆ ಬರ್ತಿದೆ, ಮಲಗಿದರೆ ಉಸಿರು ಸಿಗ್ತಿಲ್ಲ, ಒಂದೇ ಉಸಿರಿನಲ್ಲಿ ಇಪ್ಪತ್ತರ ತನಕ ಎಣಿಸೋಕಾಗ್ತಿಲ್ಲ. ಇದರಲ್ಲಿ ಯಾವುದೇ ಕಂಡರೂ ಬೆಳಗಿನ ಟೋಕನ್‌ಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಐಸಿಯು ಇರುವ ಆಸ್ಪತ್ರೆಗೆ ಹೋಗಿ. ಹೊತ್ತಿಗೆ ಸರಿಯಾಗಿ ವೆಂಟಿಲೇಟರ್ ಸಿಕ್ಕರೆ ಬಹುತೇಕರು ಬದುಕುತ್ತಾರೆ.

ಹರಕೆ ಹೊತ್ತುಕೊಳ್ಳಿ, ನಾಗನಿಗೆ ತನು ಹಾಕಿಸಿ, ನಾನು ಬೇಡ ಅನ್ನಲ್ಲ. ಅದು ನಿಮ್ಮ ನಂಬಿಕೆ. ಆದರೆ ಅದರ ಜೊತೆಗೇ ಆ ಫೈಲು ಹಿಡಿದು ಆಸ್ಪತ್ರೆಗೂ ಹೋಗಿ. ಮನೆಯವರಿಗೂ ಒಂದು ಮಾತು: "ಕೈ ಏಳ್ತಿಲ್ಲ" ಅಂತ ಯಾರಾದರೂ ಅಂದರೆ, ಸೋಮಾರಿತನ ಅನ್ನುವ ಮೊದಲು ಕೇಳಿ, "ಯಾವ ಹೊತ್ತಿಗೆ ಏಳಲ್ಲ?" ಅವರು ಕೊಡುವ ಉತ್ತರದಲ್ಲೇ ಅರ್ಧ ರೋಗ ಪತ್ತೆಯಾಗಿರುತ್ತೆ.