ರುಜು ಬಂತು, ಓದು ಎಲ್ಲಿ ಹೋಯಿತು?

ಮಂಡ್ಯ: ತಿಂಗಳ ಮೊದಲ ವಾರ. ಹೋಬಳಿ ಊರಿನ ಬ್ಯಾಂಕಿನ ಮುಂದೆ ಬಾಗಿಲು ತೆಗೆಯುವ ಮೊದಲೇ ಸಾಲು. ವೃದ್ಧಾಪ್ಯ ವೇತನದವರು, ವಿಧವಾ ವೇತನದವರು, ಗೃಹಲಕ್ಷ್ಮಿ ದುಡ್ಡು ಬಿತ್ತೋ ಇಲ್ಲವೋ ಎಂದು ಕೇಳಲು ಬಂದವರು. ಪಕ್ಕದ ಕಟ್ಟೆಯ ಮೇಲೆ ಪಿಯುಸಿ ಓದುವ ಒಬ್ಬ ಹುಡುಗ ಕೂತಿದ್ದಾನೆ. ಅವನ ತೊಡೆಯ ಮೇಲೆ ಹತ್ತು ಜನರ ಪಾಸ್‌ಬುಕ್ಕು.

"ಎಷ್ಟು ಅಂತ ಬರ್ದೆ ಮಗ?"

"ಸಾವಿರ ಕಣಜ್ಜಿ."

"ಸಾವಿರಾನೇ ತಾನೆ? ಇನ್ನೊಂದ್ಸಲ ನೋಡಪ್ಪ."

ಹುಡುಗ ನಕ್ಕು ಚೀಟಿ ಮುಂದಿಡುತ್ತಾನೆ. ಅಜ್ಜಿ ಪೆನ್ನು ಹಿಡಿದು, ರಂಗೋಲಿ ಎಳೆದ ಹಾಗೆ ಒಂದೊಂದೇ ಅಕ್ಷರ ಎಳೆದು ಹೆಸರು ಮುಗಿಸುತ್ತಾರೆ. ಮೂವತ್ತು ವರ್ಷದ ಹಿಂದೆ ರಾತ್ರಿ ಶಾಲೆಯಲ್ಲಿ ಕಲಿತ ರುಜು ಅದು. ಅದರ ಮೇಲಿನ ಸಾಲಿನಲ್ಲಿ ಏನು ಬರೆದಿದೆ ಎಂಬುದು ಮಾತ್ರ ಅವರಿಗೆ ಗೊತ್ತಿಲ್ಲ. ಹುಡುಗ ಒಳ್ಳೆಯವನು, ಅಜ್ಜಿ ಬಚಾವು. ಹುಡುಗ ಒಳ್ಳೆಯವನಲ್ಲದಿದ್ದರೆ?

ಲೆಕ್ಕದ ಅಕ್ಷರ

ಜನಗಣತಿಯ ಪ್ರಕಾರ ಅಕ್ಷರಸ್ಥರು ಅಂದರೆ ಯಾರು? ಏಳು ವರ್ಷ ತುಂಬಿದ್ದು, ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಲು ಮತ್ತು ಬರೆಯಲು ಬಲ್ಲವರು. ಬರೀ ಓದು ಬಂದರೆ ಸಾಲದು, ಬರೀ ರುಜು ಬಂದರಂತೂ ಸಾಲದೇ ಸಾಲದು. ಕಾನೂನು ಚೆನ್ನಾಗಿಯೇ ಇದೆ. ಆದರೆ ಗಣತಿಯವರು ಮನೆ ಬಾಗಿಲಲ್ಲಿ ಪರೀಕ್ಷೆ ಮಾಡುತ್ತಾ ಕೂರಲು ಆಗುವುದಿಲ್ಲ. "ಅವ್ವನಿಗೆ ಓದು ಬರ್ತದಾ?" ಎಂದರೆ ಮಗ "ಹ್ಞೂ, ಸೈನ್ ಹಾಕ್ತಾಳೆ" ಅನ್ನುತ್ತಾನೆ. ಒಂದು ಗೀಟು ಬಿತ್ತು!

2011ರ ಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ನೂರಕ್ಕೆ 75.36. ಹೆಂಗಸರದ್ದು 68ರ ಸುಮಾರು. ಎಲ್ಲಕ್ಕಿಂತ ಮೇಲೆ ದಕ್ಷಿಣ ಕನ್ನಡ, 88 ದಾಟಿತ್ತು. ಎಲ್ಲಕ್ಕಿಂತ ಕೆಳಗೆ ಯಾದಗಿರಿ, 52ನ್ನೂ ಮುಟ್ಟಲಿಲ್ಲ. ಮಂಡ್ಯ ಜಿಲ್ಲೆಯದು 70ರ ಆಸುಪಾಸು. 2021ರಲ್ಲಿ ಆಗಬೇಕಿದ್ದ ಗಣತಿ ಮುಂದಕ್ಕೆ ಹೋಯಿತು.

ಈ ಅಂಕಿಯಲ್ಲಿ ರುಜುವಿನ ಪಾಲೆಷ್ಟು, ಓದಿನ ಪಾಲೆಷ್ಟು ಎಂದು ಬಿಡಿಸಿ ಹೇಳುವವರಿಲ್ಲ.

ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾದದ್ದು 1988ರಲ್ಲಿ. 15ರಿಂದ 35 ವಯಸ್ಸಿನವರಿಗೆ ಓದು ಕಲಿಸಬೇಕು ಎಂಬುದು ಗುರಿ. ಕೂಲಿ ಮುಗಿಸಿ ಬಂದ ಹೆಂಗಸರು ಮಡಿಲಲ್ಲಿ ಕೂಸು ಇಟ್ಟುಕೊಂಡು ಸ್ಲೇಟು ತಿದ್ದಿದರು. ಹೆಬ್ಬೆಟ್ಟು ಒತ್ತುವುದು ನಾಚಿಕೆ ಎನ್ನುವುದು ಮನಸ್ಸಿಗೆ ನಾಟಿತು. ಹಾಗಾಗಿ ಮೊದಲು ಬಂದದ್ದು ಹೆಸರು. ಆಮೇಲೆ ಕೈಗೆ ಪುಸ್ತಕ ಬರಲಿಲ್ಲ, ಹಾಗಾಗಿ ಕಡೆಗೆ ಉಳಿದದ್ದೂ ಹೆಸರೇ.

ತಮಾಷೆ ಅಂದರೆ, ಈಗ ನ್ಯಾಯಬೆಲೆ ಅಂಗಡಿಗೆ ಹೋದರೆ ಎಂ.ಎ. ಆದವರೂ ಮಿಷನ್ ಮೇಲೆ ಬೆರಳೇ ಇಡಬೇಕು. ಹೆಬ್ಬೆಟ್ಟಿನ ಗಿರಾಕಿ ಅಂತ ಬೈಸಿಕೊಂಡವರು ಇದನ್ನು ನೋಡಿ ನಗುತ್ತಿದ್ದಾರೆ.

ತೂಕದ ಚೀಟಿ

ನಗುವ ವಿಷಯವಲ್ಲದ್ದೂ ಒಂದುಂಟು. ಕಬ್ಬು ಅರೆಯುವ ಕಾಲದಲ್ಲಿ ರೈತ ಗಾಡಿ ತುಂಬಿಕೊಂಡು ಹೋಗಿ ರಾತ್ರಿಯೆಲ್ಲ ಸಾಲಿನಲ್ಲಿ ನಿಲ್ಲುತ್ತಾನೆ. ತೂಕದ ಕಿಟಕಿಯಲ್ಲಿ ಒಂದು ಚೀಟಿ ಕೈಗೆ ಬರುತ್ತದೆ. ಅದರಲ್ಲಿ ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ, ಕಳೆದು ಉಳಿದ ಕಬ್ಬಿನ ತೂಕ, ಕಡಿತ ಏನಾದರೂ ಇದ್ದರೆ ಅದು, ಎಲ್ಲಾ ಇರುತ್ತದೆ. ಅಕ್ಷರ ಸಾಸಿವೆ ಗಾತ್ರ, ಶಾಯಿ ಮಾಸಲು. ರೈತ ತೋರಿಸಿದ ಕಡೆ ರುಜು ಹಾಕಿ ಚೀಟಿಯನ್ನು ಜೇಬಿಗೆ ಇಳಿಸುತ್ತಾನೆ.

ಊರಿಗೆ ಬಂದು ಟೀ ಅಂಗಡಿಯಲ್ಲಿ ಯಾರಿಗೋ ಕೊಟ್ಟು "ಏನ್ ಬರ್ದವ್ರೆ ನೋಡ್ಲಾ" ಎಂದಾಗ, "ಅಣ್ಣೋ, ಕಡಿತ ಜಾಸ್ತಿ ಹಿಡಿದವ್ರಲ್ಲ!" ಎಂಬ ಉತ್ತರ. ಅಷ್ಟು ಹೊತ್ತಿಗೆ ಕಬ್ಬು ಅರೆದು ಸಿಪ್ಪೆಯಾಗಿರುತ್ತದೆ. ತಕರಾರು ಹೇಳಬೇಕಾದದ್ದು ಕಿಟಕಿಯ ಮುಂದೆ. ಅಲ್ಲಿ ಓದದವನು ಊರಲ್ಲಿ ಕೂಗಿ ಏನು ಪ್ರಯೋಜನ?

ಈತ ಏಳನೇ ಕ್ಲಾಸು ಓದಿದವನೇ. ಓದು ಬರುತ್ತದೆ, ಓದುವ ಅಭ್ಯಾಸ ಇಲ್ಲ. ಅಧಿಕಾರದ ಮುಂದೆ ನಿಂತು ಚೀಟಿ ಓದಿದರೆ ಹಿಂದಿನವರು ಬೈತಾರೆ, ಕಿಟಕಿಯವರು ಗುರಾಯಿಸ್ತಾರೆ ಎಂಬ ಅಂಜಿಕೆ ಬೇರೆ.

ಡೈರಿಯ ಓದು

ಅದೇ ಊರಿನ ಹಾಲಿನ ಡೈರಿಗೆ ಬೆಳಿಗ್ಗೆ ಹೋಗಿ ನೋಡಬೇಕು. ಕ್ಯಾನು ಹಿಡಿದು ನಿಂತ ಹೆಂಗಸನ್ನು "ಓದು ಬರ್ತದೇನಮ್ಮ?" ಎಂದರೆ "ನಮಗೆಲ್ಲಿ ಬತ್ತದೆ ಸ್ವಾಮಿ" ಎನ್ನುತ್ತಾಳೆ. ಆದರೆ ಹಾಲು ಹಾಕಿ ಹೊರಡುವ ಮೊದಲು ಪುಸ್ತಕ ಬಿಡಿಸಿ ನೋಡುತ್ತಾಳೆ. ಲೀಟರ್ ಎಷ್ಟು, ಫ್ಯಾಟ್ ಎಷ್ಟು. ನಿನ್ನೆ ನಾಲ್ಕು ಪಾಯಿಂಟ್ ಒಂದು, ಇವತ್ತು ಮೂರು ಪಾಯಿಂಟ್ ಎಂಟು. "ಅದೇ ಹಸ, ಅದೇ ಹುಲ್ಲು, ಹೆಂಗೆ ಕಮ್ಮಿ ಆಯ್ತು?" ಎಂದು ನಿಂತ ಜಾಗದಲ್ಲೇ ಜಗಳ!

ಇವಳನ್ನು ಅನಕ್ಷರಸ್ಥೆ ಎಂದು ಬರೆದುಕೊಂಡವರು ತಮ್ಮ ಪೆನ್ನನ್ನು ಒಮ್ಮೆ ನೋಡಿಕೊಳ್ಳಬೇಕು. ದಿನಕ್ಕೆ ಎರಡು ಸಲ ದುಡ್ಡಿನ ಓದು ಓದುವುದರಿಂದ ಅವಳಿಗೆ ಅಂಕಿ ಮರೆಯಲಿಲ್ಲ. 2000ರಲ್ಲಿ ಆರಂಭವಾದ ಸ್ತ್ರೀಶಕ್ತಿ ಸಂಘಗಳಲ್ಲೂ ಇದೇ ಕಥೆ. ಯಾವ ಸಂಘದಲ್ಲಿ ಲೆಕ್ಕದ ಪುಸ್ತಕವನ್ನು ಸರದಿಯ ಮೇಲೆ ಬರೆಯುತ್ತಾರೋ ಅಲ್ಲಿ ಹೆಂಗಸರ ಅಕ್ಷರ ಉಳಿದಿದೆ. ಎಲ್ಲಿ ಒಬ್ಬಳೇ ಬರೆದು ಉಳಿದವರು ರುಜು ಹಾಕುತ್ತಾರೋ ಅಲ್ಲಿ ಅಕ್ಷರವೂ ಹೋಯಿತು, ಕೆಲವು ಕಡೆ ದುಡ್ಡೂ ಹೋಯಿತು.

ಓದಿದವರ ಸ್ಥಿತಿ

ಹಾಗಂತ ಡಿಗ್ರಿಯವರು ಬೀಗಬೇಕಾಗಿಲ್ಲ. ತಾಲೂಕು ಕಚೇರಿಯ ಮರದ ಕೆಳಗೆ ಅರ್ಜಿ ಬರೆಯುವವರ ಮುಂದೆ ಈಗ ಕೂರುವವರಲ್ಲಿ ಬಿ.ಎ. ಹುಡುಗರೂ ಇದ್ದಾರೆ. 'ಮಾನ್ಯರೇ' ಎಂದು ಶುರು ಮಾಡಿ 'ತಮ್ಮ ವಿಶ್ವಾಸಿ' ಎಂದು ಮುಗಿಸುವ ಒಂದು ಪುಟ ಬರೆಯಲು ಇವರಿಗೆ ಕೈ ಬರುವುದಿಲ್ಲ. ಫೋನಿನಲ್ಲೂ ಎರಡು ಸಾಲು ಬರೆಯುವುದಕ್ಕಿಂತ ಮಾತಾಡಿ ಕಳಿಸುವುದೇ ಸುಲಭ.

ಊರಿಗೊಂದು ಪಂಚಾಯಿತಿ ಗ್ರಂಥಾಲಯ ಇದೆಯಲ್ಲ ಎನ್ನಬಹುದು. ಇದೆ. 1965ರ ಗ್ರಂಥಾಲಯ ಕಾಯಿದೆ ಪ್ರಕಾರ ಮನೆ ಕಂದಾಯದ ಜೊತೆ ನೂರಕ್ಕೆ 6ರಂತೆ ಗ್ರಂಥಾಲಯ ಕರವನ್ನೂ ಜನ ಕಟ್ಟುತ್ತಾರೆ. ಕರ ಕಟ್ಟಿದ ರಸೀದಿಯಲ್ಲಿ ಆ ಸಾಲನ್ನು ಓದಿದವರೆಷ್ಟು? ಓದಿದ್ದರೆ, "ನಮ್ಮ ದುಡ್ಡಿನ ಗ್ರಂಥಾಲಯ ಕೂಲಿಯವರು ಮನೆಗೆ ಬರುವ ಹೊತ್ತಿಗೆ ಯಾಕೆ ಬೀಗ?" ಎಂದು ಯಾರಾದರೂ ಕೇಳುತ್ತಿದ್ದರು.

ಆಗಬೇಕಾದ್ದು ದೊಡ್ಡದೇನಲ್ಲ. ತೂಕದ ಚೀಟಿ, ಬ್ಯಾಂಕಿನ ಚೀಟಿ ದಪ್ಪ ಕನ್ನಡ ಅಕ್ಷರದಲ್ಲಿ ಬರಲಿ. ರುಜು ಹಾಕಿಸುವ ಮೊದಲು ಓದಿ ಹೇಳುವ ಪದ್ಧತಿ ಬರಲಿ. ಜನವೂ ಅಷ್ಟೇ, ಹಿಂದಿನವರು ಬೈದರೂ ನಿಂತು ಓದಲಿ.

ಬ್ಯಾಂಕಿನ ಕಟ್ಟೆಯ ಅಜ್ಜಿ ಅಂದು ದುಡ್ಡು ತಗೊಂಡು ಹೊರಗೆ ಬಂದವರು ಐನೂರರ ಎರಡು ನೋಟನ್ನು ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಪಾಸ್‌ಬುಕ್ಕನ್ನು ಹುಡುಗನ ಮುಂದೆ ಹಿಡಿದು ಹೇಳಿದರು:

"ಮಗ, ಮುಂದಿನ ತಿಂಗಳು ನೀನು ಬರೀಬೇಡ. ಸಾವಿರ ಅಂತ ಬರೆಯೋದು ಹೆಂಗೆ ಅಂತ ತೋರ್ಸು. ಹೆಸರು ಬರ್ದೋಳಿಗೆ ಅದೊಂದು ಬರಾಕಿಲ್ವಾ?"