ಕುದುರೆ ಬೆನ್ನ ಮೇಲೆ ರೂಪುಗೊಂಡ ಕಂದಾಯ

ಮಂತ್ರಾಲಯಕ್ಕೆ ಹೋಗಿಬಂದವರು ಥಾಮಸ್ ಮನ್ರೋ ಹೆಸರನ್ನು ಕೇಳಿಯೇ ಇರುತ್ತಾರೆ. ಮಠದ ಜಮೀನಿನ ವಿಚಾರಣೆಗೆ ಬಂದ ಈ ಕಲೆಕ್ಟರನಿಗೆ ರಾಯರು ಬೃಂದಾವನದಿಂದೆದ್ದು ದರ್ಶನ ಕೊಟ್ಟರು ಎಂಬ ಕಥೆ ಮನೆಮನೆಯಲ್ಲಿದೆ. ಆ ಕಥೆಯಲ್ಲಿ ಒಂದು ಸಂಗತಿಯನ್ನು ನಾವು ಗಮನಿಸುವುದೇ ಇಲ್ಲ. ಅಷ್ಟು ದೊಡ್ಡ ಅಧಿಕಾರಿ ಒಂದು ಹಳ್ಳಿಯ ಜಮೀನಿಗಾಗಿ ತಾನೇ ಯಾಕೆ ಬರಬೇಕಿತ್ತು? ಬರುವುದೇ ಅವನ ಆಡಳಿತವಾಗಿತ್ತು. ಒಕ್ಕಲಿಗನ ಹೆಸರಿಗೇ ನೇರವಾಗಿ ಕಂದಾಯ ಕಟ್ಟುವ ರೈತವಾರಿ ಪದ್ಧತಿ ಗಟ್ಟಿಯಾದದ್ದು ಹೀಗೆ ಊರೂರು ಸುತ್ತಿದ ಸವಾರಿಯಲ್ಲಿ.

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು, ಕರ್ನೂಲಿನ ಒಂದಿಷ್ಟು ಭಾಗವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಜನರ ಬಾಯಲ್ಲಿ ಅದು ದತ್ತ ಮಂಡಲವಾಯಿತು. ಇಂದು ಹಿಂದೂಪುರದಿಂದ ಮಡಕಶಿರಾ, ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೊರಟರೆ ಆಂಧ್ರದಿಂದ ಕರ್ನಾಟಕಕ್ಕೆ ಬಂದು ಮತ್ತೆ ಆಂಧ್ರಕ್ಕೆ ಇಳಿಯುತ್ತೇವೆ. ಗಡಿ ಬದಲಾದರೂ ನೆಲ ಬದಲಾಗುವುದಿಲ್ಲ. ಬೋಳು ಕಲ್ಲುಗುಡ್ಡ, ಕೆಂಪು ಹೊಲ, ಮಳೆ ಕಾಯುವ ಕೆರೆ. ಮಾತಿನಲ್ಲಿ ಕನ್ನಡ, ತೆಲುಗು ಎರಡೂ. ಇದು ಕುದುರೆಗೆ ಒಗ್ಗಿದ ಬಯಲು. ಗುತ್ತಿಯ ಮುರಾರಿ ರಾವ್ ಘೋರ್ಪಡೆಯ ಮರಾಠಾ ರಾವುತರು ಇಲ್ಲಿ ಮೆರೆದವರು. ಹಿಂದೂಪುರಕ್ಕೆ ಆ ಹೆಸರು ಬಂದದ್ದು ಅವನ ತಂದೆ ಹಿಂದೂರಾವ್‌ನಿಂದ ಎಂದು ಹೇಳುತ್ತಾರೆ. 1776ರಲ್ಲಿ ಗುತ್ತಿ ಹೈದರಾಲಿಯ ಪಾಲಾಯಿತು.

ಮನ್ರೋ ಇಲ್ಲಿಗೆ ಬರುವ ಹೊತ್ತಿಗೆ ಪಳಗಿದ್ದ. ಗ್ಲಾಸ್ಗೋದಲ್ಲಿ ಹುಟ್ಟಿದ ಈ ಸಿಪಾಯಿ 1792ರಿಂದ ಏಳು ವರ್ಷ ಬಾರಾಮಹಲಿನಲ್ಲಿ, ಅಂದರೆ ಈಗಿನ ಧರ್ಮಪುರಿ, ಸೇಲಂ ಕಡೆ, ಅಲೆಕ್ಸಾಂಡರ್ ರೀಡ್ ಕೈಕೆಳಗೆ ಕಂದಾಯದ ಕೆಲಸ ಕಲಿತಿದ್ದ. ಹೊಲ ಹೊಲ ಅಳೆದು ಉಳುವವನ ಜೊತೆಗೇ ಲೆಕ್ಕ ಮಾಡಬೇಕು ಎಂಬ ವಿಚಾರ ಮೊಳೆತದ್ದು ಅಲ್ಲಿ. ಆಮೇಲೆ ಕೆನರಾಕ್ಕೆ ಹೋಗಿ, ಕರಾವಳಿಯ ಮಳೆಗೆ ಬೇಸತ್ತು ವರ್ಗ ಕೇಳಿಕೊಂಡ. ಸಿಕ್ಕಿದ್ದು ಈ ಒಣಸೀಮೆ. ಸುಮಾರು 80 ಮಂದಿ ಪಾಳೇಗಾರರು ತಮ್ಮ ತಮ್ಮ ಕೋಟೆ ಹಿಡಿದು ಕೂತಿದ್ದರು.

ಅವನೂ ಅವನ ಸಹಾಯಕರೂ ವರ್ಷದ ಬಹುಪಾಲು ಡೇರೆಯಲ್ಲೇ ಕಳೆದರು. ಇವತ್ತು ಈ ಊರಲ್ಲಿ ಮೊಕ್ಕಾಂ, ನಾಲ್ಕು ದಿನ ಬಿಟ್ಟು ಇನ್ನೊಂದೂರಲ್ಲಿ. ಕುದುರೆಗೆ ಬೇಕಾದ ಹುರುಳಿ ಈ ಹೊಲಗಳಲ್ಲೇ ಬೆಳೆಯುವ ಕಾಳು. ಶಾನುಭೋಗ ಕಪ್ಪು ಬಟ್ಟೆಯ ಕಡತ ಬಿಚ್ಚಿ ಓದಬೇಕು, ಗೌಡ, ರೆಡ್ಡಿಗಳು ಎದುರಿಗಿರಬೇಕು, ರೈತ ತನ್ನ ತಕರಾರು ಹೇಳಬೇಕು. ಕಡತದಲ್ಲಿರುವುದು ಹೊಲದಲ್ಲಿ ಇದೆಯೇ ಎಂದು ನೋಡಬೇಕಾದರೆ ಮತ್ತೆ ಕುದುರೆ ಹತ್ತುವುದೇ. ಈ ಓಡಾಟವಿಲ್ಲದಿದ್ದರೆ ರೈತವಾರಿ ಕಚೇರಿಯ ಕಾಗದದಲ್ಲೇ ಉಳಿಯುತ್ತಿತ್ತು ಎಂದು ನನಗೆ ಖಚಿತವಾಗಿ ಅನಿಸುತ್ತದೆ.

1802ರಲ್ಲಿ ಮೋಜಣಿ ಶುರುವಾಯಿತು. ಅಳತೆಯ ಸರಪಳಿ 33 ಅಡಿ ಉದ್ದ. ಆ ಉದ್ದ, ಅಷ್ಟೇ ಅಗಲದ ಚೌಕ 40 ಸೇರಿದರೆ ಒಂದು ಎಕರೆ. ನಮ್ಮ ಗುಂಟೆಯ ಲೆಕ್ಕವೂ ಇದೇ: 33 ಅಡಿಗೆ 33 ಅಡಿ, 1,089 ಚದರ ಅಡಿ. ನಿವೇಶನ ಕೊಳ್ಳುವಾಗ ಈಗಲೂ ನಾವು ಬಾಯಿಪಾಠವಾಗಿ ಹೇಳುವ ಅಂಕಿ. ಖುಷ್ಕಿ, ತರಿ, ತೋಟ ಎಂದು ನೆಲ ವಿಂಗಡಿಸಿ, ಹೊಲಕ್ಕೊಂದು ದರ ಕಟ್ಟಿದರು.

ಆ ದರ ಭಾರಿಯಾಗಿತ್ತು. ಇದನ್ನು ಮುಚ್ಚಿಟ್ಟು ಮನ್ರೋನನ್ನು ಹೊಗಳುವುದು ತಪ್ಪು. ಅವನು ಕಂಪನಿಯ ಬೊಕ್ಕಸ ತುಂಬಲು ಬಂದವನು. ಮಳೆ ಕೈಕೊಟ್ಟ ವರ್ಷಗಳಲ್ಲೂ ವಸೂಲಿ ನಡೆಯಿತು. ಆದರೆ ಹೊರೆ ಹೆಚ್ಚಾಯಿತೆಂದು ಬರೆದವನೂ ಅವನೇ. 1807ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ ಎಲ್ಲ ಜಮೀನಿಗೆ ಶೇ 25ರಷ್ಟು, ಕೆರೆ ಬಾವಿ ನೀರಿನ ಜಮೀನಿಗೆ ಇನ್ನೂ ಶೇ 8ರಷ್ಟು ಇಳಿಸಬೇಕೆಂದು ಶಿಫಾರಸು ಮಾಡಿದ. ಮೋಜಣಿಯ ಅಂಕಿಅಂಶವನ್ನೆಲ್ಲ ಇಟ್ಟುಕೊಂಡ ಮದ್ರಾಸು ಸರ್ಕಾರ ಈ ಮಾತನ್ನು ಮಾತ್ರ ಪಕ್ಕಕ್ಕಿಟ್ಟಿತು. ಅದೇ ವರ್ಷ ಅವನು ರಜೆಯ ಮೇಲೆ ತಾಯ್ನಾಡಿಗೆ ಹೊರಟ. ಹೊರಟದ್ದೇ ತಡ, ಇಡೀ ಹಳ್ಳಿಯನ್ನು ಗುತ್ತಿಗೆಗೆ ಕೊಡುವ ಪದ್ಧತಿ ಬಂತು. ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ. ಅದೇ ಏರಿದ ದರದ ಮೇಲೆ ನಿಂತ ಗುತ್ತಿಗೆಯಲ್ಲಿ ಗುತ್ತಿಗೆದಾರರೂ ಕೆಟ್ಟರು, ರೈತರೂ ಸೊರಗಿದರು.

1820ರಲ್ಲಿ ಮನ್ರೋ ಮದ್ರಾಸಿನ ಗವರ್ನರ್ ಆಗಿ ಮರಳಿದ ಮೇಲೆಯೇ ದತ್ತ ಮಂಡಲಕ್ಕೆ ಆ ಇಳಿಕೆ ಸಿಕ್ಕಿತು. ಹದಿಮೂರು ವರ್ಷದ ಕಾಯುವಿಕೆ. ಅಧಿಕಾರ ಬಿಡುವ ಮುನ್ನ, 1827ರಲ್ಲಿ, ಕೊನೆಯ ಸಲ ಈ ಸೀಮೆಯನ್ನು ನೋಡಲೆಂದು ಮತ್ತೆ ಹೊರಟ. ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾಕ್ಕೆ ತುತ್ತಾದ. ಗುತ್ತಿಯಲ್ಲಿ ಮಣ್ಣು ಮಾಡಿ, ಮುಂದೆ ಅವಶೇಷವನ್ನು ಮದ್ರಾಸಿನ ಕೋಟೆಯ ಚರ್ಚಿಗೆ ಒಯ್ದರು. ಚೆನ್ನೈನಲ್ಲಿ ಅವನ ಅಶ್ವಾರೂಢ ಕಂಚಿನ ಪ್ರತಿಮೆ ಇದೆ. ಕೆತ್ತಿದವನು ಫ್ರಾನ್ಸಿಸ್ ಚಾಂಟ್ರಿ. ರಾಯಲಸೀಮೆಯ ರೈತರು ತಮ್ಮ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟರು.