ಹನ್ನೆರಡು ಹಲ್ಲು, ಹದಿನಾಲ್ಕು ಆಯಸ್ಕಾಂತ

ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನೆಚ್ಚಿದ ಸಿಂಧನೂರು ಸೀಮೆಯಲ್ಲಿ, ಸಾಲಗುಂದದಂಥ ಊರುಗಳಿರುವ ಭತ್ತದ ನಾಡಿನಲ್ಲಿ, ಬೆಳೆಗೆ ಎಣ್ಣೆ ಹೊಡೆಯುವ ಕೆಲಸ ಬೆನ್ನ ಮೇಲಿನ ಪಂಪಿನಿಂದ ಡ್ರೋನಿಗೆ ಮೆಲ್ಲಗೆ ವರ್ಗವಾಗುತ್ತಿದೆ. ಕೇಂದ್ರ ಸರ್ಕಾರವು 2023ರ ನವೆಂಬರಿನಲ್ಲಿ ಒಪ್ಪಿಗೆ ನೀಡಿದ ‘ನಮೋ ಡ್ರೋನ್ ದೀದಿ’ ಯೋಜನೆಯು 15,000 ಮಹಿಳಾ ಸ್ವಸಹಾಯ ಗುಂಪುಗಳಿಗೆ ಇಂಥ ಯಂತ್ರಗಳನ್ನು ಒದಗಿಸುವ ಗುರಿ ಇಟ್ಟುಕೊಂಡಿರುವುದರಿಂದ, ಅವುಗಳನ್ನು ಬಿಚ್ಚಿ ಜೋಡಿಸಬೇಕಾದ ಕೈಗಳೂ ಹಳ್ಳಿಗಳಲ್ಲಿಯೇ ಬೆಳೆಯಬೇಕಾಗಿದೆ. ಡ್ರೋನಿನ ಪ್ರತಿಯೊಂದು ತೋಳಿನ ತುದಿಯಲ್ಲಿರುವ ಮೋಟಾರು, ಹವ್ಯಾಸಿಗಳು ಓಡಿಸುವ ರಿಮೋಟ್ ಕಾರು ಮತ್ತು ವಿಮಾನಗಳಲ್ಲಿರುವ ಮೋಟಾರಿನ ಕುಲಕ್ಕೇ ಸೇರಿದ್ದು. ಅದರ ಹೆಸರು ಬ್ರಷ್‌ರಹಿತ ಮೋಟಾರು.

ಹಳೆಯ ಬಗೆಯ ಮೋಟಾರಿನಲ್ಲಿ ತಿರುಗುವ ಸುರುಳಿಗಳಿಗೆ ವಿದ್ಯುತ್ತನ್ನು ಮುಟ್ಟಿಸಿ, ತಕ್ಕ ಗಳಿಗೆಯಲ್ಲಿ ಅದರ ದಿಕ್ಕನ್ನು ಬದಲಿಸಲು, ಮಿಕ್ಸಿ ರಿಪೇರಿಯವರು ‘ಕಾರ್ಬನ್’ ಎಂದು ಕರೆಯುವ ಬ್ರಷ್‌ಗಳು ತಾಮ್ರದ ಪಟ್ಟಿಗಳ ಮೇಲೆ ಉಜ್ಜುತ್ತ, ಕಿಡಿ ಹಾರಿಸುತ್ತ, ಸವೆಯುತ್ತ ಇರುತ್ತವೆ. ಬ್ರಷ್‌ರಹಿತ ಮೋಟಾರಿನಲ್ಲಿ ಸುರುಳಿಗಳು ನಿಂತೇ ಇರುತ್ತವೆ, ಆಯಸ್ಕಾಂತಗಳು ತಿರುಗುತ್ತವೆ, ದಿಕ್ಕು ಬದಲಿಸುವ ಕೆಲಸವನ್ನು ಹೊರಗಿನ ಎಲೆಕ್ಟ್ರಾನಿಕ್ ಮಂಡಲವೊಂದು ಮಾಡುತ್ತದೆ. ಇಂಥ ಯಂತ್ರವನ್ನು 1962ರಲ್ಲಿ ಟಿ.ಜಿ. ವಿಲ್ಸನ್ ಮತ್ತು ಪಿ.ಎಚ್. ಟ್ರಿಕಿ ಎಂಬ ಇಂಜಿನಿಯರುಗಳು ಒಂದು ಪ್ರಬಂಧದಲ್ಲಿ ವಿವರಿಸಿದ್ದರು. ಆದರೆ ಅಂಗೈಯಗಲದ ಮೋಟಾರಿಗೆ ಹಾರುವಷ್ಟು ಬಲ ಬಂದದ್ದು, 1980ರ ದಶಕದಲ್ಲಿ ನಿಯೋಡಿಮಿಯಮ್ ಎಂಬ ವಿರಳ ಲೋಹ, ಕಬ್ಬಿಣ ಮತ್ತು ಬೋರಾನ್ ಬೆರೆತ ಪ್ರಬಲ ಆಯಸ್ಕಾಂತಗಳು ಬಂದ ಬಳಿಕ.

ಡ್ರೋನಿನ ಮೋಟಾರನ್ನು ಬಿಚ್ಚುವುದು ಕಷ್ಟದ ಕೆಲಸವಲ್ಲ. ಶಾಫ್ಟಿನ ಬುಡದಲ್ಲಿರುವ ಸಣ್ಣ ಲಾಕನ್ನೋ ತಿರುಪನ್ನೋ ತೆಗೆದು ಹೊರಗವಚವನ್ನು ಎಳೆದರೆ, ಒಳಗಿನ ಕಬ್ಬಿಣವನ್ನು ಬಿಡಲೊಲ್ಲದ ಆಯಸ್ಕಾಂತಗಳು ಸ್ವಲ್ಪ ಹೊತ್ತು ಸೆಣಸಿ, ಕೊನೆಗೆ ಕವಚ ಕಳಚಿ ಬರುತ್ತದೆ. ಮತ್ತೆ ಜೋಡಿಸುವಾಗ ಅದೇ ಸೆಳೆತ ಕವಚವನ್ನು ಒಮ್ಮೆಲೇ ಒಳಕ್ಕೆಳೆದುಕೊಳ್ಳುವುದರಿಂದ ಬೆರಳನ್ನು ಅಂಚಿನಿಂದ ದೂರವಿಡಬೇಕು. ಒಳಗೆ ಕಾಣುವ ‘ಸ್ಟೇಟರ್’, ಅಂದರೆ ತಿರುಗದ ಭಾಗ, ಒಂದೇ ಕಬ್ಬಿಣದ ಗಟ್ಟಿಯಲ್ಲ. ಒಂದಕ್ಕೊಂದು ವಿದ್ಯುತ್ ಹರಿಯದಂತೆ ಲೇಪ ಹಚ್ಚಿದ ತೆಳು ತಗಡುಗಳ ಕಟ್ಟು. ಗಟ್ಟಿ ಕಬ್ಬಿಣವಿದ್ದರೆ ಅದರೊಳಗೇ ಸುಳಿ ಪ್ರವಾಹಗಳು ಹುಟ್ಟಿ ಶಕ್ತಿಯೆಲ್ಲ ಕಾವಾಗಿ ಹೋಗುತ್ತಿತ್ತು. ರಿಮೋಟ್ ಕಾರುಗಳಲ್ಲಿ ಸಾಮಾನ್ಯವಾಗಿ ಆಯಸ್ಕಾಂತ ಒಳಗೂ ಸುರುಳಿಗಳು ಹೊರಗೂ ಇರುತ್ತವೆಂಬುದನ್ನು ಬಿಟ್ಟರೆ ತತ್ತ್ವ ಒಂದೇ.

ಎಣಿಸಲು ಕುಳಿತವರಿಗೆ ಅಚ್ಚರಿ ಕಾದಿರುವುದು ಇಲ್ಲಿ. ಹಲವು ಡ್ರೋನ್ ಮೋಟಾರುಗಳ ಸ್ಟೇಟರಿನಲ್ಲಿ ತಾಮ್ರ ಸುತ್ತಿದ ಹಲ್ಲುಗಳು 12 ಇದ್ದರೆ, ಕವಚಕ್ಕೆ ಒಳಗಿನಿಂದ ಅಂಟಿಸಿದ ಆಯಸ್ಕಾಂತಗಳು 14 ಇರುತ್ತವೆ. ಈ ಹೊಂದಿಕೆಯಿಲ್ಲದ ಲೆಕ್ಕ ಬೇಕೆಂದೇ ಮಾಡಿದ್ದು. ಎರಡೂ 12 ಆಗಿದ್ದರೆ ಪ್ರತಿ ಹಲ್ಲಿನ ಎದುರಿಗೂ ಒಂದೊಂದು ಆಯಸ್ಕಾಂತ ಒಟ್ಟಿಗೇ ಬಂದು ನಿಂತು, ಹನ್ನೆರಡೂ ಏಕಕಾಲಕ್ಕೆ ಬಿಗಿ ಹಿಡಿದು, ಕವಚವನ್ನು ಅಲುಗಿಸುವುದೇ ಕಷ್ಟವಾಗುತ್ತಿತ್ತು. 12 ಮತ್ತು 14ರ ಜೋಡಿಯಲ್ಲಾದರೋ ಹಲ್ಲುಗಳ ನಡುವಿನ ಅಂತರ 30 ಡಿಗ್ರಿ, ಆಯಸ್ಕಾಂತಗಳ ನಡುವಿನ ಅಂತರ ಸುಮಾರು 25.7 ಡಿಗ್ರಿ, ಆದ್ದರಿಂದ ಯಾವ ಗಳಿಗೆಯಲ್ಲೂ ವೃತ್ತದ ಎದುರುಬದುರಿನ ಎರಡೇ ಹಲ್ಲುಗಳು ತಮ್ಮ ಆಯಸ್ಕಾಂತಗಳಿಗೆ ನೇರ ಎದುರಾಗಬಲ್ಲವು. ಕವಚ ಇನ್ನು ಸುಮಾರು 4.3 ಡಿಗ್ರಿ ಸರಿಯುವಷ್ಟರಲ್ಲಿ ಆ ಜೋಡಿ ತಪ್ಪಿ ಮತ್ತೊಂದು ಜೋಡಿ ಎದುರಾಗಿರುತ್ತದೆ. ಹೀಗೆ ಒಂದು ಸುತ್ತಿಗೆ 84 ಸಲ, ಅಂದರೆ 12 ಮತ್ತು 14ರ ಲಘುತಮ ಸಾಮಾನ್ಯ ಅಪವರ್ತ್ಯದಷ್ಟು ಸಲ, ಹಿಡಿತ ಬಿಟ್ಟು ಹಿಡಿಯುತ್ತದೆ. ಹನ್ನೆರಡು ದೊಡ್ಡ ತಡೆಗಳು ಎಂಬತ್ತನಾಲ್ಕು ಸಣ್ಣ ತಡೆಗಳಾಗಿ ಒಡೆದು ಹೋಗುತ್ತವೆ. ಶಾಲೆಯಲ್ಲಿ ಅಂಕಕ್ಕಾಗಿ ಕಲಿತು ಮರೆಯುವ ಲಸಾಅ ಇಲ್ಲಿ ಬೆರಳ ತುದಿಗೆ ಸಿಗುತ್ತದೆ ಎಂಬುದು ಗಣಿತದ ಮೇಷ್ಟರೆಲ್ಲರೂ ತರಗತಿಗೆ ಒಯ್ಯಬೇಕಾದ ಸಂಗತಿ.

ವಿದ್ಯುತ್ ಸಂಪರ್ಕವೇ ಇಲ್ಲದ ಮೋಟಾರು ಕೈಯಲ್ಲಿ ಹೀಗೆ ತಡೆದು, ಮುಂದಿನ ನೆಲೆಗೆ ತಾನಾಗಿಯೇ ಜಿಗಿಯುವುದನ್ನು ಕಂಡವರಲ್ಲಿ ಒಂದು ಭ್ರಮೆ ಸುಲಭವಾಗಿ ಹುಟ್ಟುತ್ತದೆ. ಆಯಸ್ಕಾಂತವೇ ಎಳೆಯುತ್ತಿರುವಾಗ ಬ್ಯಾಟರಿ ಏಕೆ, ಬರೀ ಆಯಸ್ಕಾಂತಗಳನ್ನು ಜಾಣತನದಿಂದ ಜೋಡಿಸಿದರೆ ಫ್ಯಾನು, ಪಂಪ್‌ಸೆಟ್ಟುಗಳು ಕರೆಂಟಿಲ್ಲದೆ ತಿರುಗಲಾರವೇ ಎಂದು ಕೇಳುವವರಿದ್ದಾರೆ. ಹಾಗೆ ತಿರುಗುವುದನ್ನು ತೋರಿಸುವ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಇದು ಶುದ್ಧ ಸುಳ್ಳು, ಮತ್ತು ಕರೆಂಟಿನ ಪಾಳಿ ಕಾಯುವ ರೈತನ ಆಸೆಯನ್ನು ದುಡ್ಡಾಗಿಸಿಕೊಳ್ಳುವ ಸುಳ್ಳು. ಇಳಿಜಾರಿನಲ್ಲಿ ತಾನಾಗಿ ಉರುಳಿದ ಬಂಡಿ ಅಷ್ಟೇ ಎತ್ತರದ ಮುಂದಿನ ದಿಬ್ಬವನ್ನು ಹತ್ತಬೇಕಾಗುವಂತೆ, ಹಲ್ಲಿನತ್ತ ಸೆಳೆದಾಗ ಆಯಸ್ಕಾಂತ ಕೊಟ್ಟ ಶಕ್ತಿಯನ್ನೆಲ್ಲ ಆ ಹಲ್ಲನ್ನು ಬಿಡಿಸಿಕೊಂಡು ಹೋಗುವಾಗ ಹಿಂದಕ್ಕೆ ಕಸಿದುಕೊಳ್ಳುತ್ತದೆ. ಪೂರ್ತಿ ಒಂದು ಸುತ್ತಿನ ಲೆಕ್ಕ ಕೂಡಿದರೆ ಗಳಿಕೆ ಸೊನ್ನೆ, ಬೇರಿಂಗಿನ ಘರ್ಷಣೆ ಸೇರಿದರೆ ನಷ್ಟ. ಅಂಥ ಯಂತ್ರ ತಿರುಗುತ್ತಲೇ ಇದ್ದರೆ ಎಲ್ಲೋ ಬಚ್ಚಿಟ್ಟ ಬ್ಯಾಟರಿಯನ್ನು ಹುಡುಕಬೇಕು.

ಹಾಗಾದರೆ ಬ್ಯಾಟರಿಯ ಶಕ್ತಿ ಮಾಡುವುದೇನೆಂದರೆ, ಆಯಸ್ಕಾಂತ ಹಲ್ಲಿಗೆ ಎದುರಾಗಿ ನೆಲೆಸುವ ಮೊದಲೇ ಸೆಳೆತವನ್ನು ಮುಂದಿನ ಹಲ್ಲಿಗೆ ದಾಟಿಸುವುದು. ಮೋಟಾರಿನಿಂದ ಹೊರಬರುವ ಮೂರು ತಂತಿಗಳಲ್ಲಿ ಎರಡರ ಮೂಲಕ ಪ್ರವಾಹ ಹರಿಯುವಾಗ ಮೂರನೆಯದು ಖಾಲಿ ಇರುತ್ತದೆ; ಖಾಲಿ ಸುರುಳಿಯ ಮುಂದೆ ಆಯಸ್ಕಾಂತಗಳು ಹಾದುಹೋಗುವಾಗ ಅದರಲ್ಲಿ ಹುಟ್ಟುವ ಸಣ್ಣ ವೋಲ್ಟೇಜನ್ನು ಅಳೆದೇ ‘ಇಎಸ್‌ಸಿ’ ಎಂಬ ವೇಗನಿಯಂತ್ರಕವು ಕವಚ ಎಲ್ಲಿದೆಯೆಂದು ಅರಿಯುತ್ತದೆ. ಹದಿನಾಲ್ಕು ಆಯಸ್ಕಾಂತಗಳ ಮೋಟಾರಿಗೆ ಸುತ್ತೊಂದಕ್ಕೆ 42 ಸಲ ಈ ದಾಟಿಸುವಿಕೆ ನಡೆಯಬೇಕು. ನಿಂತ ಮೋಟಾರಿನಲ್ಲಿ ಆ ವೋಲ್ಟೇಜು ಹುಟ್ಟದ ಕಾರಣ ಮೊದಲ ಕೆಲವು ಹೆಜ್ಜೆಗಳನ್ನು ನಿಯಂತ್ರಕ ಕುರುಡಾಗಿ ಇಡುತ್ತದೆ. ಅಗ್ಗದ ರಿಮೋಟ್ ಕಾರು ಹೊರಡುವಾಗ ಮುಗ್ಗರಿಸುವುದು ಇದರಿಂದಲೇ. ಬ್ಯಾಟರಿ ಜೋಡಿಸಿದೊಡನೆ ಕೇಳುವ ‘ಪೀಂ ಪೀಂ’ ನಾದವೂ ಯಾವುದೇ ಸ್ಪೀಕರಿನದಲ್ಲ: ಕಿವಿಗೆ ಕೇಳುವ ಆವರ್ತನದಲ್ಲಿ ಸುರುಳಿಗಳಿಗೆ ಪ್ರವಾಹದ ತುಣುಕುಗಳನ್ನು ಹಾಯಿಸಿದಾಗ ಮೋಟಾರೇ ಕಂಪಿಸಿ ಹಾಡುತ್ತದೆ.

ಮೋಟಾರಿನ ಮೇಲೆ ಬರೆದಿರುವ ‘ಕೆವಿ’ಯನ್ನು ಕಿಲೋವೋಲ್ಟ್ ಎಂದು ಓದುವವರು ಕಡಿಮೆಯಿಲ್ಲ. ಅದು ಹೊರೆಯಿಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದರ ಅಳತೆ. ದೊಡ್ಡ ರೆಕ್ಕೆಯನ್ನು ನಿಧಾನವಾಗಿ, ಬಲವಾಗಿ ತಿರುಗಿಸಬೇಕಾದ ಕೃಷಿ ಡ್ರೋನಿನಲ್ಲಿ ಈ ಸಂಖ್ಯೆ ಚಿಕ್ಕದೇ ಇರಬೇಕು.

ಕೆಟ್ಟ ಮೋಟಾರನ್ನು ಬಿಚ್ಚುವ ಮುಂಚೆ ಮಾಡಬೇಕಾದ ಪರೀಕ್ಷೆಗೆ ಯಾವ ಮೀಟರೂ ಬೇಡ. ನಿಯಂತ್ರಕದಿಂದ ಬಿಡಿಸಿದ ಮೂರೂ ತಂತಿಗಳ ತುದಿಗಳನ್ನು ಒಂದಕ್ಕೊಂದು ತಾಗಿಸಿ ಕವಚವನ್ನು ತಿರುಗಿಸಿದರೆ, ಹುಟ್ಟಿದ ವಿದ್ಯುತ್ತು ಸುರುಳಿಗಳಲ್ಲೇ ಹರಿದು ತನ್ನನ್ನು ಹುಟ್ಟಿಸಿದ ಚಲನೆಯನ್ನು ವಿರೋಧಿಸುವುದರಿಂದ ಕೈಗೆ ಭಾರ ತಿಳಿಯಬೇಕು. ತಿಳಿಯದಿದ್ದರೆ ಸುರುಳಿ ಕಡಿದಿದೆ; ತಂತಿಗಳು ಬಿಡಿಯಾಗಿರುವಾಗಲೂ ಅಂಥದೇ ಭಾರ ತಿಳಿದರೆ ತಂತಿಯ ಲೇಪ ಸುಟ್ಟು ಒಳಗೇ ಶಾರ್ಟ್ ಆಗಿದೆ. ಎರಡೂ ಸರಿಯಿದ್ದು ಕರಕರ ಸದ್ದಷ್ಟೇ ಬರುತ್ತಿದ್ದರೆ ಬೇರಿಂಗನ್ನೋ, ಆಯಸ್ಕಾಂತ ಮತ್ತು ಹಲ್ಲುಗಳ ನಡುವಿನ ಕೂದಲೆಳೆಯ ಸಂದಿನಲ್ಲಿ ಕುಳಿತ ಕಬ್ಬಿಣದ ಕಣಗಳನ್ನೋ ಅನುಮಾನಿಸಬೇಕು. ಆ ಕಣಗಳು ಗಾಳಿ ಊದಿದರೆ ಹೋಗುವುದಿಲ್ಲ. ಕವಚ ಕಳಚಿ, ಆಯಸ್ಕಾಂತಗಳ ಮೇಲೆ ಅಂಟುಟೇಪನ್ನು ಒತ್ತಿ ಎಳೆದು ತೆಗೆಯಬೇಕು.